ಹೊಳಿ ಮೀನು ಮಾರುವವರಿಗೂ ಕೊಳ್ಳುವವರಿಗೂ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಊರುಗಳಲ್ಲಿ ಮೀನು ಅಂದರೆ ಹೊಳಿ ಮೀನು. ಭೀಮಾ, ಸೀನಾ, ಬೋರಿ ಹೊಳೆಗಳದು, ಕುರನೂರು ಡ್ಯಾಮಿನದು, ಊರ ಪಕ್ಕದ ಪಾಝರ್ ತಲಾವಿನದು (ನೀರು ಇಂಗಿಸಲು ಕಟ್ಟಿದ ಕೆರೆಯದು). ಆದರೆ ವಾರದ ಸಂತೆಗೆ ಹೋದರೆ ಕಣ್ಣಿಗೆ ಬೀಳುವುದು ಬಹಳ ಸಲ ಆಂಧ್ರದಿಂದ ಬರ್ಫದ (ಮಂಜುಗಡ್ಡೆಯ) ಪೆಟ್ಟಿಗೆಯಲ್ಲಿ ಬಂದ ರೋಹು, ಕಟ್ಲಾ. ಹತ್ತು ಕಿಲೋಮೀಟರ್ ಆಚೆ ನಸುಕಿನಲ್ಲಿ ಹಿಡಿದ ಮೀನು ದಲಾಲಿಯ ಗಾಡಿ ಹತ್ತಿ ಪಟ್ಟಣಕ್ಕೆ ಹೋಗಿರುತ್ತದೆ. ಉಳಿದ ಸ್ವಲ್ಪವೇ ಬುಟ್ಟಿಯಲ್ಲಿ ಊರೊಳಗೆ ಬರುತ್ತದೆ, ಅದೂ ಬರ್ಫವಿಲ್ಲದೆ.

ಹೊಳಿ ಮೀನು ರುಚಿಯಲ್ಲಿ ಸೋತದ್ದಲ್ಲ, ತಂಪಿನಲ್ಲಿ ಸೋತದ್ದು. ಮೂರು ದಿನದ ಕೆಳಗೆ ಹಿಡಿದು ಸರಿಯಾಗಿ ಬರ್ಫದಲ್ಲಿಟ್ಟ ಆಂಧ್ರದ ರೋಹು, ಇವತ್ತೇ ಬೆಳಗಿನ ನಾಲ್ಕಕ್ಕೆ ಹಿಡಿದು ಹನ್ನೊಂದರ ತನಕ ಗೋಣಿಚೀಲದಡಿ ಇಟ್ಟ ಭೀಮೆಯ ರೋಹುಗಿಂತ ಗಟ್ಟಿ ಇರುತ್ತದೆ. “ಇಲ್ಲೇ ಹತ್ತಿರದ ಊರಿಗೆ ಬರ್ಫ ಯಾಕ ಬೇಕು” ಅನ್ನುವುದೊಂದೇ ಮಾತು ನಮ್ಮ ಕಡೆಯ ಮೀನಿನ ವ್ಯಾಪಾರವನ್ನು ಕೆಡಿಸಿದೆ. ಒಂದು ಸಲ ಮೆತ್ತನೆಯ ಮೀನು ಒಯ್ದ ಮನೆಯವರು ಮುಂದಿನ ವಾರ ಕೋಳಿ ತರುತ್ತಾರೆ.

ಯಾವ ಮೀನು, ಎಲ್ಲಿಂದ

ಇಲ್ಲಿ ಮುಖ್ಯವಾಗಿ ಸಿಗುವವು ಕಟ್ಲಾ, ರೋಹು, ಮೃಗಳ, ಚಿಲಾಪಿ (ತಿಲಾಪಿಯಾ). ನಡುನಡುವೆ ಹಾವಿನಂಥ ತಲೆಯ ಮರಲ್, ಹಾವಿನಂತೆ ಉದ್ದನೆಯ ವಾಂಬು, ಮಾಗೂರಿನಂಥ ಮೀಸೆಯ ಮೀನುಗಳು ಬರುತ್ತವೆ. ಕಟ್ಲಾ ಮೇಲಿನ ನೀರಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಳ ತಳದಲ್ಲಿ. ಈ ಮೂರೂ ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ; ಮಳೆಗಾಲದ ಹರಿವ ನೀರು ಬೇಕು. ಹಾಗಾಗಿ ತಲಾವಿನಲ್ಲಿ ಪ್ರತಿ ವರ್ಷ ಮರಿ ತಂದು ಬಿಡದಿದ್ದರೆ ಮರುವರ್ಷ ಹಿಡಿಯಲು ಏನೂ ಇರುವುದಿಲ್ಲ. ಚಿಲಾಪಿಗೆ ಈ ಕಟ್ಟಿಲ್ಲ. ಅದು ತತ್ತಿಯನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ನಿಂತ ನೀರಲ್ಲೇ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ಮೀನು ಇದು; ಈಗ ಭೀಮೆಯ ಉಜನಿ ಡ್ಯಾಮಿನ ಹಿನ್ನೀರಿನಲ್ಲಿ ಬಲೆ ಎತ್ತಿದರೆ ಬೇರೆ ಮೀನಿಗಿಂತ ಚಿಲಾಪಿಯೇ ಹೆಚ್ಚು.

ಉಜನಿಯ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ, ಅದರಲ್ಲಿ 63 ಟಿಎಂಸಿಗೂ ಮೇಲೆ ಗೇಟಿಗಿಂತ ಕೆಳಗಿನ ಮೃತ ಸಂಗ್ರಹ. ಪೇಪರಿನಲ್ಲಿ “ಉಜನಿ ಮೈನಸ್ ಆಯಿತು” ಎಂದು ಬಂದ ವರ್ಷವೂ ಅಲ್ಲಿ ಮೀನಿಗೆ ನೀರಿರುವುದು ಇದರಿಂದಲೇ. ಕೆಳಗಿನ ಭೀಮೆಯ ಕಥೆ ಬೇರೆ. ಸೊಲ್ಲಾಪುರ ಪಟ್ಟಣದ ಕುಡಿಯುವ ನೀರಿಗೆ ಉಜನಿಯಿಂದ ಹೊಳೆಗೆ ಬಿಟ್ಟಾಗ ಔಜ, ಚಿಂಚಪುರದ ಬಂಧಾರಗಳು ತುಂಬುತ್ತವೆ, ಆಮೇಲೆ ಇಳಿಯುತ್ತವೆ. ನೀರು ಇಳಿದು ಮಡು ಚಿಕ್ಕದಾದಾಗ ಮೀನು ಒಂದೇ ಕಡೆ ಸೇರಿ ಹಿಡಿಯುವುದು ಸಲೀಸು. ಆ ಹೊತ್ತಿನ ಮೀನಿಗೇ ಕೆಸರು ವಾಸನೆಯೂ ಹೆಚ್ಚು. ಆ ಮಾತು ಮುಂದೆ ಬರುತ್ತದೆ.

ಅಕ್ಕಲಕೋಟ, ಜತ್ತ ಕಡೆ 1972ರ ಬರಗಾಲದ ಕಾಮಗಾರಿಯಲ್ಲಿ ಕಟ್ಟಿದ ಪಾಝರ್ ತಲಾವುಗಳು ಬಹಳ. ಇವುಗಳಲ್ಲಿ ಬಹಳಷ್ಟು ಮಾರ್ಚ್ ಹೊತ್ತಿಗೆ ಬತ್ತುತ್ತವೆ. ಆಗಸ್ಟಿನಲ್ಲಿ ಬೆರಳುದ್ದದ ಮರಿ ಬಿಟ್ಟರೆ ಬೆಳೆಯಲು ಸಿಗುವುದು ಆರೇಳು ತಿಂಗಳು ಮಾತ್ರ. ಅರ್ಧ ಕಿಲೋ ಆಗುವುದರೊಳಗೆ ನೀರು ಮುಗಿಯುತ್ತದೆ. ಇಂಥ ಕಡೆ ಉಗುರುದ್ದದ ಮರಿ ಬಿಡುವುದು ದಂಡ. ನೂರು ಗ್ರಾಂ ಹತ್ತಿರದ, ಒಂದು ವರ್ಷ ತಡೆದು ಬೆಳೆಸಿದ ಮರಿ ಸಿಕ್ಕರೆ, ಎಣಿಕೆ ಕಡಿಮೆ ಆದರೂ ಅದನ್ನೇ ಬಿಡಬೇಕು. ದೊಡ್ಡ ಮರಿ ಹಕ್ಕಿಗೆ, ಮರಲಿಗೆ ಸುಲಭವಾಗಿ ಆಹಾರವಾಗುವುದಿಲ್ಲ, ಫೆಬ್ರುವರಿಗೆ ಮಾರುವ ತೂಕಕ್ಕೂ ಬರುತ್ತದೆ.

ಬಲೆ ಎತ್ತುವ ಹೊತ್ತು

ಮೀನು ಹಿಡಿಯುವ ಭೋಯಿ, ಕೋಲಿ, ಅಂಬಿಗ ಸಮಾಜದ ಮನೆಗಳಲ್ಲಿ ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವುದು ರೂಢಿ. ಚಳಿಗಾಲಕ್ಕೆ ಇದು ಸರಿ. ಬೇಸಿಗೆಗೆ ಸರಿಯಲ್ಲ. ಸೊಲ್ಲಾಪುರದಲ್ಲಿ ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ ರಾತ್ರಿಯೂ ನೀರು ಬೆಚ್ಚಗೇ ಇರುತ್ತದೆ. ರಾತ್ರಿ ಎಂಟಕ್ಕೆ ಬಲೆಗೆ ಸಿಕ್ಕಿ ಒದ್ದಾಡಿ ಹತ್ತಕ್ಕೆ ಸತ್ತ ರೋಹು ಬೆಳಗಿನ ಐದರ ತನಕ ಆ ಬೆಚ್ಚನೆಯ ನೀರಲ್ಲೇ ತೂಗಾಡಿದರೆ, ದಡಕ್ಕೆ ಬರುವಾಗಲೇ ಅದರ ಅರ್ಧ ಆಯುಷ್ಯ ಮುಗಿದಿದೆ. ಕಣ್ಣು ಮಬ್ಬು, ಕಿವಿರು ಬಿಳಚಿ, ಮೈಮೇಲೆ ಬಲೆಯ ಗೆರೆ ಕಪ್ಪಾಗಿ ಕೂತಿರುತ್ತದೆ. ಎಷ್ಟು ಬರ್ಫ ಹಾಕಿದರೂ ಹೋದದ್ದು ಬರುವುದಿಲ್ಲ. ಮಾರ್ಚಿನಿಂದ ಮೊದಲ ಮಳೆಯ ತನಕ ಬಲೆಯನ್ನು ನಡುರಾತ್ರಿ ಒಮ್ಮೆ, ನಾಲ್ಕಕ್ಕೆ ಒಮ್ಮೆ ನೋಡಬೇಕು. ಇಲ್ಲವೇ ಎರಡಕ್ಕೆ ಬಿಟ್ಟು ಐದಕ್ಕೆ ಎತ್ತಬೇಕು. ಮೀನು ಕಡಿಮೆ ಸಿಗಬಹುದು, ಸಿಕ್ಕದ್ದಷ್ಟೂ ಮಾರಾಟಕ್ಕೆ ಬರುತ್ತದೆ.

ಬಲೆಯ ಕಣ್ಣು ಎಳೆದು ಹಿಡಿದಾಗ 4 ಇಂಚಿಗೆ ಕಡಿಮೆ ಇರಬಾರದು, ಕಟ್ಲಾ-ರೋಹುಗೆ. ಚಿಲಾಪಿಗೆಂದು ಎರಡೂವರೆ ಇಂಚಿನ ಬಲೆ ಬಿಟ್ಟರೆ ಆ ವರ್ಷ ಬಿಟ್ಟ ಕಟ್ಲಾ ಮರಿಗಳೂ ಅದರಲ್ಲೇ ಸಿಗುತ್ತವೆ. ನೂರೈವತ್ತು ಗ್ರಾಂ ಕಟ್ಲಾದಲ್ಲಿ ತಲೆ ಬಿಟ್ಟರೆ ಮುಳ್ಳೇ. ಅದೇ ಮೀನು ಮುಂದಿನ ದೀಪಾವಳಿಗೆ ಕಿಲೋ ದಾಟುತ್ತಿತ್ತು. ಚಿಲಾಪಿ ಬಲೆಯನ್ನು ದಡದ ಹತ್ತಿರ, ಕಲ್ಲು-ಹುಲ್ಲು ಇರುವಲ್ಲಿ ಬಿಟ್ಟರೆ ಈ ನಷ್ಟ ಎಷ್ಟೋ ಕಡಿಮೆ.

ಬ್ಲೀಚಿಂಗ್ ಪೌಡರ್ ಸುರಿದು, ಕರೆಂಟ್ ಬಿಟ್ಟು, ಜಿಲೆಟಿನ್ ಸಿಡಿಸಿ ಹಿಡಿದ ಮೀನನ್ನು ಕೊಳ್ಳಲೂಬಾರದು, ಮಾರಲೂಬಾರದು. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಇದರಲ್ಲಿ ಸಾಯುವುದು ದೊಡ್ಡ ಮೀನಷ್ಟೇ ಅಲ್ಲ, ಆ ಮಡುವಿನ ಮರಿ, ಹುಳ, ಕಪ್ಪೆ ಎಲ್ಲ. ಬೇಸಿಗೆಯಲ್ಲಿ ಒಮ್ಮೆಲೇ ರಾಶಿ ಮೀನು ತೇಲಿ ಬಂದರೂ ಅದನ್ನು ಮುಟ್ಟಬಾರದು. ಮೋಡ ಮುಚ್ಚಿದ ದಿನ, ನಸುಕಿನ ಹೊತ್ತು, ಹಸಿರುಗಟ್ಟಿದ ನೀರಲ್ಲಿ ಉಸಿರು ಸಿಗದೆ ಸತ್ತಿರಬಹುದು. ಮೇಲಿನಿಂದ ಕಾರ್ಖಾನೆಯ ಹೊಲಸು ನೀರು ಬಂದಿರಬಹುದು. ಯಾವುದೆಂದು ಮೀನಿನ ಮುಖ ನೋಡಿ ಹೇಳಲಾಗುವುದಿಲ್ಲ.

ಬರ್ಫ

ಬೇಸಿಗೆಯಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಬರ್ಫ. ಚಳಿಗಾಲದಲ್ಲಿ, ಹತ್ತಿರದ ಊರಿಗೆ, ಎರಡು ಕಿಲೋ ಮೀನಿಗೆ ಒಂದು ಕಿಲೋ ಸಾಕು. ಮೊದಲ ಅರ್ಧ ಗಂಟೆ ಎಲ್ಲಕ್ಕಿಂತ ದೊಡ್ಡದು. ದಡದಲ್ಲೇ ಒಂದು ಟಬ್ಬಿನಲ್ಲಿ ಬರ್ಫ, ಅದು ಮುಳುಗುವಷ್ಟು ಸ್ವಚ್ಛ ನೀರು ಹಾಕಿ ಕಲಸಿ, ಬಲೆಯಿಂದ ಬಿಡಿಸಿದ ಮೀನನ್ನು ಅದರಲ್ಲಿ ಮುಳುಗಿಸಬೇಕು. ಬರೀ ಬರ್ಫ ಮೀನಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಬರ್ಫದ ನೀರು ಸುತ್ತಲೂ ತಾಗಿ ಒಳಗಿನ ತನಕ ಬೇಗ ತಂಪು ಮಾಡುತ್ತದೆ. ಜೀವ ಇರುವ ಮೀನೂ ಅದರಲ್ಲಿ ಒದ್ದಾಟವಿಲ್ಲದೆ ಸ್ತಬ್ಧವಾಗುತ್ತದೆ. ಒದ್ದಾಡಿ ಸತ್ತ ಮೀನು ಬೇಗ ಸೆಟೆಯುತ್ತದೆ, ಬೇಗ ಸಡಿಲಾಗುತ್ತದೆ, ಬೇಗ ಕೆಡುತ್ತದೆ.

ಇಪ್ಪತ್ತು-ಮೂವತ್ತು ನಿಮಿಷವಾದ ಮೇಲೆ ತೆಗೆದು ಥರ್ಮಾಕೋಲ್ ಪೆಟ್ಟಿಗೆಗೆ. ತಳಕ್ಕೆ ಎರಡು ಇಂಚು ಪುಡಿ ಬರ್ಫ, ಮೇಲೆ ಒಂದು ಸಾಲು ಮೀನು, ಮತ್ತೆ ಬರ್ಫ, ಮತ್ತೆ ಮೀನು, ಎಲ್ಲಕ್ಕೂ ಮೇಲೆ ಬರ್ಫ. ಪೆಟ್ಟಿಗೆಯ ಕೆಳಮೂಲೆಗೆ ತೂತು ಇರಲೇಬೇಕು. ಕರಗಿದ ನೀರು ರಕ್ತ, ಲೋಳೆ ಸೇರಿ ತಳದಲ್ಲಿ ನಿಂತರೆ ಕೆಳಗಿನ ಸಾಲು ಆ ಹೊಲಸಿನಲ್ಲಿ ನೆನೆದು ನಾರುತ್ತದೆ. ಬರ್ಫದ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ದೊಣ್ಣೆಯಿಂದ ಸಣ್ಣಗೆ ಕುಟ್ಟಬೇಕು. ತೆಂಗಿನಕಾಯಿ ಗಾತ್ರದ ತುಂಡು ಹಾಕಿದರೆ ಮೀನು ಜಜ್ಜುತ್ತದೆ, ನಡುವಿನ ಸಂದಿಯಲ್ಲಿ ಬಿಸಿ ಗಾಳಿ ಉಳಿಯುತ್ತದೆ.

ಬರ್ಫದ ಫ್ಯಾಕ್ಟರಿ ದೂರ ಇರುವ ಊರಲ್ಲಿ ಹತ್ತು ಕಿಲೋದಷ್ಟು ಮಾತ್ರ ಮಾರುವವರು ಒಂದು ಲೀಟರಿನ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಇಡಬಹುದು. ಪೂರ್ತಿ ತುಂಬಿದರೆ ಒಡೆಯುತ್ತದೆ. ಹೊರಗಿನಿಂದ ತೊಳೆದು ಮೀನಿನ ನಡುವೆ ಇಟ್ಟರೆ ನೀರು ಸೋರುವುದಿಲ್ಲ, ಮರುದಿನ ಮತ್ತೆ ಅವೇ ಬಾಟಲಿ. ಪುಡಿ ಬರ್ಫದಷ್ಟು ಬೇಗ ತಂಪು ಮಾಡುವುದಿಲ್ಲ ನಿಜ. ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಮರಲ್, ಮಾಗೂರಿನಂಥವು ಗಾಳಿಯನ್ನೂ ಉಸಿರಾಡುತ್ತವೆ. ಇವನ್ನು ಬರ್ಫದಲ್ಲಿ ಇಡಬೇಡಿ. ಅಗಲ ಟಬ್ಬಿನಲ್ಲಿ ಮೈ ಮುಳುಗುವಷ್ಟು ನೀರು, ಮೇಲೆ ಒದ್ದೆ ಗೋಣಿ ಮುಚ್ಚಿದರೆ ಮಧ್ಯಾಹ್ನದ ತನಕ ಜೀವಂತ ಇರುತ್ತವೆ. ಜೀವಂತ ಮರಲಿಗೆ ಸಿಗುವ ದರ ಸತ್ತದ್ದಕ್ಕೆ ಸಿಗುವುದಿಲ್ಲ. ಟಬ್ಬು ಮುಚ್ಚದಿದ್ದರೆ ಮಾತ್ರ ಮರಲ್ ಜಿಗಿದು ರಸ್ತೆಗೆ ಬೀಳುತ್ತದೆ.

ಕೊನೆಯ ಮೂರು ಕಿಲೋ

ಊರೊಳಗಿನ ಮೀನು ವ್ಯಾಪಾರದ ಲೆಕ್ಕ ಬಹಳ ತೆಳು. ಉದಾಹರಣೆಗೆ ಹೀಗೆ ಹಿಡಿಯೋಣ: ಕಿಲೋಗೆ 150ರಂತೆ 20 ಕಿಲೋ ಕೊಂಡರೆ 3,000 ರೂಪಾಯಿ. ಬರ್ಫ, ಪೆಟ್ರೋಲ್ ಸೇರಿ 200. ಕಿಲೋಗೆ 200ರಂತೆ ಎಲ್ಲ ಮಾರಿದರೆ 4,000 ಬಂದು 800 ಉಳಿಯುತ್ತದೆ. ಮೂರು ಕಿಲೋ ಮಾತ್ರ ಉಳಿದು ಕೆಟ್ಟರೆ ಬರುವುದು 3,400, ಕೈಗೆ 200. ದಿನದ ಕೂಲಿಯೆಲ್ಲ ಆ ಕೊನೆಯ ಮೂರು ಕಿಲೋದಲ್ಲೇ ಇದೆ. ಇಪ್ಪತ್ತರ ಬದಲು ಹದಿನೇಳೇ ಕೊಂಡು ಹದಿನೇಳೂ ಮಾರಿದ್ದರೆ, ಖರ್ಚು ಅಷ್ಟೇ ಹಿಡಿದರೂ, 650 ಉಳಿಯುತ್ತಿತ್ತು. ಹೆಚ್ಚು ತಂದು ಹೆಚ್ಚು ಗಳಿಸುವ ವ್ಯಾಪಾರ ಇದಲ್ಲ.

ಆದ್ದರಿಂದ ಹಿಂದಿನ ಸಂಜೆಯೇ ಕೇಳಿಕೊಳ್ಳುವುದು ಒಳ್ಳೆಯದು. ಈಗ ಪ್ರತಿ ಊರಲ್ಲೂ ವಾಟ್ಸಾಪ್ ಗುಂಪಿದೆ. “ನಾಳೆ ಮುಂಜಾನೆ ಏಳಕ್ಕ ಫಾಟಾದಾಗ ಕಟ್ಲಾ, ಚಿಲಾಪಿ. ಯಾರಿಗೆ ಎಷ್ಟ ಬೇಕ್ರಿ?” ಎಂದು ಹಾಕಿದರೆ ಅರ್ಧ ಮೀನು ಹೊಳೆಯಲ್ಲಿರುವಾಗಲೇ ಮಾರಿಹೋಗಿರುತ್ತದೆ. ಹೇಳಿ ತೆಗೆದುಕೊಳ್ಳದವರೂ ಇರುತ್ತಾರೆ, ಅವರ ಸಲುವಾಗಿ ಎಣಿಕೆಯಲ್ಲಿ ಸ್ವಲ್ಪ ಕಡಿತ ಮಾಡಿಯೇ ಕೊಳ್ಳಬೇಕು. ಮೀನು ಹೊತ್ತು ಏರಿದಂತೆ ದರ ಇಳಿಯುವ ಸರಕು. ಒಂಬತ್ತೂವರೆಗೆ ಉಳಿದದ್ದನ್ನು ಕಡಿಮೆ ದರಕ್ಕೆ ಕೊಟ್ಟುಬಿಡುವುದೇ ಲಾಭ. ಸಂಜೆಗೆ ಇಟ್ಟು ಮಾರುತ್ತೇನೆ ಎಂದರೆ ಮೀನೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ವಾರ, ತಿಥಿ ನೋಡದೆ ಮಾರಲು ಮೀನು ಕೊಂಡವರು ಈ ವ್ಯಾಪಾರದಲ್ಲಿ ಉಳಿದದ್ದಿಲ್ಲ. ಭಾನುವಾರ, ಬುಧವಾರ, ಶುಕ್ರವಾರ ಮೀನು ಹೋಗುತ್ತದೆ. ಸೋಮವಾರ, ಗುರುವಾರ, ಶನಿವಾರ ಬಹಳ ಮನೆಗಳಲ್ಲಿ ಒಲೆಗೆ ಮಾಂಸ-ಮೀನು ಏರುವುದಿಲ್ಲ. ಸ್ವಾಮಿ ಸಮರ್ಥರ ಅಕ್ಕಲಕೋಟದಲ್ಲಿ ಗುರುವಾರವಂತೂ ಕೇಳುವುದೇ ಬೇಡ. ಪಂಢರಪುರದ ಆಷಾಢ ಏಕಾದಶಿಯ ಆಸುಪಾಸು ಮಾರಾಟ ಬೀಳುತ್ತದೆ, ತುಳಸಿ ಮಾಲೆ ಹಾಕಿದ ಮನೆಗಳಲ್ಲಿ ವರ್ಷವಿಡೀ ಇಲ್ಲ. ಏಕಾದಶಿ ಮುಗಿದು ಶ್ರಾವಣ ಹಿಡಿಯುವ ನಡುವಿನ ದಿನಗಳಲ್ಲಿ, ಮಹಾರಾಷ್ಟ್ರದವರು ಗಟಾರಿ ಎನ್ನುವ ಅಮಾವಾಸ್ಯೆಯ ಮುಂಚೆ, ಬೇಡಿಕೆ ಎಷ್ಟೆಂದರೆ ಸಣ್ಣ ಮೀನಿಗೂ ದೊಡ್ಡ ಮೀನಿನ ದರ ಬರುತ್ತದೆ. ಆಮೇಲೆ ಒಂದು ತಿಂಗಳು ಬಹುಪಾಲು ಮನೆಗಳಲ್ಲಿ ಬಂದ್. ಬಲೆ ರಿಪೇರಿ, ಪೆಟ್ಟಿಗೆ ರಿಪೇರಿ, ಮರಿ ಬಿಡುವುದು ಎಲ್ಲ ಆ ತಿಂಗಳಿಗೆ ಇಟ್ಟುಕೊಳ್ಳುವುದು ಅನುಕೂಲ.

ಹಳ್ಳಿಯ ಮನೆಗೆ ಬೇಕಾಗುವುದು ಅರ್ಧದಿಂದ ಒಂದೂವರೆ ಕಿಲೋ. ನಾಲ್ಕು ಕಿಲೋ ಕಟ್ಲಾವನ್ನು ಇಡಿಯಾಗಿ ಇಟ್ಟರೆ ಎಲ್ಲರೂ ನೋಡಿ ಹೊಗಳಿ ಹೋಗುತ್ತಾರೆ. ಅದನ್ನು ಕೊಯ್ದು ಮಾರಬೇಕು: ನಡುವಿನ ತುಂಡು ಹೆಚ್ಚಿನ ದರಕ್ಕೆ, ಬಾಲ ಕಡಿಮೆ ದರಕ್ಕೆ, ತಲೆ ಇಡಿಯಾಗಿ ಒಂದು ದರಕ್ಕೆ. ಕಟ್ಲಾದ ತಲೆಗೆಂದೇ ಕಾಯುವವರು ಇರುತ್ತಾರೆ, ಅದರ ಸಾರಿನ ರುಚಿ ಬೇರೆ ಯಾವುದಕ್ಕೂ ಬರುವುದಿಲ್ಲ. ಮೊದಲ ಒಂದು ಮೀನನ್ನು ಗಿರಾಕಿಯ ಎದುರಿಗೇ ಕೊಯ್ಯಿರಿ. ಒಳಗಿನ ಕೆಂಪು ನೋಡಿದವರು ತಾಜಾ ಹೌದೋ ಅಲ್ಲವೋ ಎಂದು ಕೇಳುವುದಿಲ್ಲ.

ತೂಕದ ಜಗಳ ಹುಟ್ಟುವುದು ಹಸನು ಮಾಡಿದ ಮೇಲೆ. ಒಂದು ಕಿಲೋ ರೋಹುವಿನ ಹುರುಪೆ, ಹೊಟ್ಟೆ ತೆಗೆದರೆ 850 ಗ್ರಾಂ ಹತ್ತಿರ, ತಲೆಯನ್ನೂ ತೆಗೆದರೆ 650-700 ಉಳಿಯುತ್ತದೆ. ಕಟ್ಲಾದ ತಲೆ ದೊಡ್ಡದು, 600ಕ್ಕೂ ಇಳಿಯಬಹುದು. ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ, ಇಡೀ ಮೀನನ್ನು ಅವರ ಎದುರಿಗೆ ತೂಗಿ, ಆಮೇಲೆ ಈಳಿಗೆಗೆ ಹಚ್ಚಬೇಕು. ಹಳೆ ಪೇಪರಿನಲ್ಲಿ ಕಟ್ಟಿಕೊಡಬೇಡಿ. ಒದ್ದೆ ಮೀನಿಗೆ ಶಾಯಿ ಹತ್ತುತ್ತದೆ. ಮುತ್ತಲದ ಎಲೆಯೋ, ಮನೆಯಿಂದ ತಂದ ಡಬ್ಬಿಯೋ ಆಗಲಿ. ಹೊಟ್ಟೆಯ ಹೊಲಸನ್ನು ಹೊಳೆಗೆ ಎಸೆಯದೆ ಲಿಂಬೆ, ತೆಂಗಿನ ಬುಡದಿಂದ ಸ್ವಲ್ಪ ದೂರ ಮೊಳಕಾಲುದ್ದ ಗುಂಡಿಯಲ್ಲಿ ಹೂಳಿದರೆ ಗೊಬ್ಬರ. ಮೇಲೆಮೇಲೆ ಹೂತರೆ ರಾತ್ರಿ ನಾಯಿ ಕೆದರುತ್ತವೆ.

ದಲಾಲಿಯಿಂದ ಮುಂಗಡ ತೆಗೆದುಕೊಂಡ ಮೀನುಗಾರ ಹಿಡಿದದ್ದನ್ನೆಲ್ಲ ಅವನಿಗೇ, ಅವನು ಹೇಳಿದ ದರಕ್ಕೇ ಕೊಡಬೇಕಾಗುತ್ತದೆ. ಬಲೆ, ತೆಪ್ಪಕ್ಕೆ ತೆಗೆದ ಸಾಲ ತೀರುವ ತನಕ ಊರಿನವರಿಗೆ ಮಾರುವ ಸ್ವಾತಂತ್ರ್ಯವಿಲ್ಲ. ಊರೊಳಗೆ ದಿನಕ್ಕೆ ಐದಾರು ಕಿಲೋವಾದರೂ ನಗದಿಗೆ ಹೋಗುವ ಹಾಗಿದ್ದರೆ ಮುಂದಿನ ಬಲೆಗೆ ಆ ಸಾಲ ಬೇಕಾಗುವುದಿಲ್ಲ. ಆದ್ದರಿಂದ ಕೊಳ್ಳುವವರಲ್ಲಿ ಒಂದು ಮಾತು: ಕಿರಾಣಿ ಅಂಗಡಿಯ ಹಾಗೆ ಮೀನಿನವರಲ್ಲಿ ಉದ್ರಿ ಬರೆಸಬೇಡಿ.

ಕೊಳ್ಳುವಾಗ

“ಕಾಕಾ, ಕಿವಿ ಎತ್ತಿ ತೋರಸ್ರಿ” ಎಂದು ಕೇಳಲು ಸಂಕೋಚ ಬೇಡ. ಕಿವಿರು ರಕ್ತಗೆಂಪು ಇರಬೇಕು. ಕಂದು, ಬೂದಿ, ಬಿಳಚು ಬಂದರೆ ಬಿಡಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬೆನ್ನಿನ ಮೇಲೆ ಬೆರಳು ಒತ್ತಿದರೆ ತಗ್ಗು ಉಳಿಯಬಾರದು. ಇವೆಲ್ಲಕ್ಕಿಂತ ನಂಬಬಹುದಾದದ್ದು ಹೊಟ್ಟೆ: ಹೊಟ್ಟೆ ತುಂಬ ಮೇವು ಇದ್ದ ಮೀನು ಒಳಗಿನಿಂದ ಕೆಡಲು ಶುರುವಾಗುತ್ತದೆ, ಬೆನ್ನು ಗಟ್ಟಿ ಇದ್ದರೂ ಹೊಟ್ಟೆ ಮೆತ್ತಗಾಗಿ ಒಡೆಯುತ್ತದೆ. ಶೇತತಳೆಯಲ್ಲಿ (ಹೊಲದ ಹೊಂಡದಲ್ಲಿ) ಮೀನು ಸಾಕಿದವರು ಹಿಡಿಯುವ ಹಿಂದಿನ ದಿನ ಮೇವು ನಿಲ್ಲಿಸಬೇಕು ಎನ್ನುವುದು ಇದಕ್ಕೇ.

ಎರಡು-ಮೂರು ಕಿಲೋ ತೂಗುವ, ಕಲೆಕಲೆ ಚರ್ಮದ, ಮೀಸೆಯ ಮಾಗೂರು ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ. ಊರಿನ ಮಾಗೂರು ಸಾಮಾನ್ಯವಾಗಿ ಅರ್ಧ ಕಿಲೋ ದಾಟುವುದಿಲ್ಲ. ದೊಡ್ಡದು ಥಾಯ್ ಮಾಗೂರು ಎಂದು ಕರೆಯುವ ಆಫ್ರಿಕದ ಜಾತಿ. ಸಾಕುವುದು, ಮಾರುವುದು ನಿಷಿದ್ಧ. ಹೊಳೆಗೆ ತಪ್ಪಿಸಿಕೊಂಡರೆ ಉಳಿದ ಮೀನನ್ನೆಲ್ಲ ತಿಂದು ಮುಗಿಸುತ್ತದೆ.

ಮನೆಯಲ್ಲಿ ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಚಿಲಾಪಿ ಅಥವಾ ಮರಲ್ ಒಯ್ಯಿರಿ. ಇವುಗಳ ಮಾಂಸದ ನಡುವೆ ಕೂದಲಿನಂಥ ಕವಲು ಮುಳ್ಳು ಇರುವುದಿಲ್ಲ. ರೋಹು-ಕಟ್ಲಾ-ಮೃಗಳದಲ್ಲಿ ಅವು ಬೆನ್ನಿನ ಭಾಗದಲ್ಲಿ, ಬಾಲದಲ್ಲಿ ತುಂಬಿರುತ್ತವೆ. ಹೊಟ್ಟೆಯ ತುಂಡಿನಲ್ಲಿ ಪಕ್ಕೆಯ ದಪ್ಪ ಮುಳ್ಳು ಮಾತ್ರ, ಕೈಯಿಂದ ಎಳೆದರೆ ಬರುತ್ತದೆ. ಮಕ್ಕಳ ತಾಟಿಗೆ ಅದನ್ನೇ ಹಾಕಬೇಕು. ಕಿಲೋಗಿಂತ ಕಡಿಮೆಯ ರೋಹು ಅಗ್ಗ ಎಂದು ಕೊಂಡರೆ ತಿನ್ನುವುದಕ್ಕಿಂತ ಮುಳ್ಳು ಆರಿಸುವುದೇ ಹೆಚ್ಚು. ಒಂದೂವರೆ-ಎರಡು ಕಿಲೋದಲ್ಲಿ ಮುಳ್ಳು ದಪ್ಪವಾಗಿ ಕೈಗೆ ಸಿಗುತ್ತದೆ.

ಹಸನು ಮಾಡುವುದು, ಮತ್ತು ಪಿತ್ತ

ಮೊದಲು ಕಲ್ಲುಪ್ಪು ಹಚ್ಚಿ ಲೋಳೆ ಉಜ್ಜಿ ತೊಳೆಯಿರಿ, ಆಮೇಲೆ ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆಯಿರಿ. ಗುದದಿಂದ ಗಂಟಲ ತನಕ ಹೊಟ್ಟೆ ಸೀಳುವಾಗ ಚೂರಿಯ ತುದಿ ಒಳಗೆ ಆಳಕ್ಕೆ ಹೋಗಬಾರದು. ಯಕೃತ್ತಿಗೆ ಅಂಟಿಕೊಂಡು ಹಸಿರು ಪಿತ್ತದ ಚೀಲ ಇರುತ್ತದೆ. ಅದು ಒಡೆದರೆ ತಾಗಿದಷ್ಟು ಮಾಂಸ ಕಹಿ. ಒಡೆದದ್ದೇ ಆದರೆ ತಕ್ಷಣ ನೀರಲ್ಲಿ ತೊಳೆದು, ಹಸಿರಾದ ಭಾಗವನ್ನು ಕೊಯ್ದು ಒಗೆಯಬೇಕು.

ಇಲ್ಲಿ ಒಂದು ಮಾತನ್ನು ಜೋರಾಗಿ ಹೇಳಬೇಕಾಗಿದೆ. ಸಕ್ಕರೆ ಕಾಯಿಲೆಗೆ, ಕೀಲು ನೋವಿಗೆ, ಕಣ್ಣಿಗೆ ಒಳ್ಳೆಯದು ಎಂದು ರೋಹು-ಕಟ್ಲಾದ ಹಸಿ ಪಿತ್ತವನ್ನು ನುಂಗುವವರಿದ್ದಾರೆ. ಈ ಜಾತಿಯ ಮೀನುಗಳ ಪಿತ್ತ ವಿಷ. ನುಂಗಿದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು. ಎರಡು-ಮೂರು ದಿನಗಳಲ್ಲಿ ಮೂತ್ರ ನಿಂತು ಮೂತ್ರಪಿಂಡ ಸೋತು ಡಯಾಲಿಸಿಸ್ ತನಕ ಹೋದ ಪ್ರಕರಣಗಳನ್ನು ವೈದ್ಯರು ನಮ್ಮ ದೇಶದಲ್ಲೇ ದಾಖಲಿಸಿದ್ದಾರೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಮೀನು ಮಾರುವವರು ಪಿತ್ತದ ಚೀಲವನ್ನು ಯಾರು ಕೇಳಿದರೂ ಕೊಡಬಾರದು. ಯಾರಾದರೂ ನುಂಗಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಒಯ್ದು, ಮೀನಿನ ಪಿತ್ತ ನುಂಗಿದ್ದಾರೆ ಎಂದು ಬಿಡಿಸಿ ಹೇಳಬೇಕು.

ಹೊಟ್ಟೆಯ ಒಳಗಿನ ಕಪ್ಪು ಪೊರೆ, ಬೆನ್ನೆಲುಬಿಗೆ ಅಂಟಿದ ರಕ್ತದ ಗೆರೆ, ಕಿವಿರು ಇವನ್ನು ಪೂರ್ತಿ ತೆಗೆಯಿರಿ. ತಲೆ ಬಳಸುವವರು ಕಿವಿರು ಬಿಟ್ಟರೆ ಸಾರೆಲ್ಲ ಹೊಲಸು ವಾಸನೆ. ಭೀಮೆಗೆ ಮೇಲಿನ ಪಟ್ಟಣಗಳ ಚರಂಡಿ ನೀರು ಸೇರುತ್ತದೆ, ಹಾಗಾಗಿ ಕರುಳು, ಹೊಟ್ಟೆಯ ಹಳದಿ ಕೊಬ್ಬು ತಿನ್ನದಿರುವುದೇ ಕ್ಷೇಮ. ತತ್ತಿ ಇದ್ದರೆ ಬೇರೆ ತೆಗೆದಿಟ್ಟು ಉಪ್ಪು-ಖಾರ ಹಚ್ಚಿ ಹುರಿದು ತಿನ್ನಬಹುದು.

ಕೆಸರು ವಾಸನೆ ಬರುವುದು ಕೆಸರು ತಿಂದದ್ದರಿಂದಲ್ಲ. ಹಸಿರುಗಟ್ಟಿದ ನೀರಿನ ಪಾಚಿ ಮತ್ತು ತಳದ ಸೂಕ್ಷ್ಮಜೀವಿಗಳು ಬಿಡುವ ಒಂದು ವಸ್ತು ಕಿವಿರಿನ ಮೂಲಕ ಮೀನಿನ ಮೈ ಸೇರಿ ಕೊಬ್ಬಿನಲ್ಲಿ ಕೂರುತ್ತದೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯ ಮೂಲವೂ ಅದೇ ವಸ್ತು. ಹೀಗಾಗಿ ಹೊರಗಿನಿಂದ ಎಷ್ಟು ತೊಳೆದರೂ ಹೋಗುವುದಿಲ್ಲ. ಜೀವಂತ ಮೀನಾದರೆ ಎರಡು-ಮೂರು ದಿನ ಮೇವಿಲ್ಲದೆ ಸ್ವಚ್ಛ ಬಾವಿ ನೀರಲ್ಲಿ ಬಿಟ್ಟರೆ ಬಹಳಷ್ಟು ಇಳಿಯುತ್ತದೆ. ಶೇತತಳೆಯವರಿಗೆ ಇದು ಸಾಧ್ಯ. ಸತ್ತ ಮೀನಾದರೆ ಚರ್ಮ, ಹೊಟ್ಟೆಯ ಕೊಬ್ಬು, ಪಕ್ಕದ ಗೆರೆಯಡಿಯ ಕಂದು ಮಾಂಸ ತೆಗೆದು, ತುಂಡುಗಳನ್ನು ಹುಳಿ ಮಜ್ಜಿಗೆಯಲ್ಲೋ ಹುಣಸೆ ನೀರಲ್ಲೋ ಅರ್ಧ ಗಂಟೆ ಇಟ್ಟು ತೊಳೆಯಬೇಕು. ಹುಳಿ ಆ ವಸ್ತುವನ್ನು ಸ್ವಲ್ಪ ಮಟ್ಟಿಗೆ ಒಡೆಯುತ್ತದೆ. ಏಪ್ರಿಲ್-ಮೇ ಮೀನಿಗೆ ಈ ಕೆಲಸ ತಪ್ಪಿದ್ದಲ್ಲ. ಅಕ್ಟೋಬರಿನಿಂದ ಫೆಬ್ರುವರಿ ತನಕದ ಮೀನಿಗೆ ಬೇಕಾಗುವುದೇ ಇಲ್ಲ, ರುಚಿಯೂ ಆಗಲೇ ಹೆಚ್ಚು.

ಸಾರು

ಒಂದು ಕಿಲೋ ತುಂಡಿಗೆ ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಶಿಣ, ಒಂದು ಲಿಂಬೆಹಣ್ಣಿನ ರಸ ಹಚ್ಚಿ ಇಪ್ಪತ್ತು ನಿಮಿಷ ಇಡಿ. ಹೊರಬಂದ ನೀರು ಚೆಲ್ಲಿ. ಎರಡು ದೊಡ್ಡ ಉಳ್ಳಾಗಡ್ಡಿಯನ್ನು ಕೆಂಡದ ಮೇಲೋ ಗ್ಯಾಸಿನ ಉರಿಯಲ್ಲೋ ಸಿಪ್ಪೆ ಕರಿಯಾಗುವಂತೆ ಸುಡಿ. 50 ಗ್ರಾಂ ಒಣಕೊಬ್ಬರಿ, ಒಂದು ಚಮಚ ಎಳ್ಳು ಬೇರೆಬೇರೆ ಹುರಿಯಿರಿ. ಸುಟ್ಟ ಉಳ್ಳಾಗಡ್ಡಿ, ಕೊಬ್ಬರಿ, ಎಳ್ಳು, ಹದಿನೈದು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಒಂದು ಹಿಡಿ ಕೊತಂಬರಿ ನುಣ್ಣಗೆ ರುಬ್ಬಿ. ನಾಲ್ಕು ಚಮಚ ಶೇಂಗಾ ಎಣ್ಣೆಯಲ್ಲಿ ಇದನ್ನು ಎಣ್ಣೆ ಬಿಡುವ ತನಕ ಹುರಿದು, ಎರಡು ಚಮಚ ಮಸಾಲಿ ಖಾರ ಹಾಕಿ, ಹತ್ತುವುದಕ್ಕೆ ಮೊದಲು ಬಿಸಿ ನೀರು ಒಂದು ಲೀಟರ್ ಬಿಡಿ. ತಣ್ಣೀರು ಹಾಕಿದರೆ ಮೇಲೆ ತೇಲುವ ಕೆಂಪು ಎಣ್ಣೆ ಸರಿಯಾಗಿ ಬರುವುದಿಲ್ಲ. ಲಿಂಬೆ ಗಾತ್ರದ ಹುಣಸೆಯ ರಸ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಉಪ್ಪು ನೋಡಿ. ತುಂಡಿನಲ್ಲೂ ಉಪ್ಪಿದೆ ಎನ್ನುವುದು ನೆನಪಿರಲಿ.

ಮೀನು ಕೊನೆಗೆ. ತಲೆ ಮೊದಲು, ಐದು ನಿಮಿಷದ ಮೇಲೆ ತುಂಡುಗಳು, ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ. ಸೌಟು ಆಡಿಸಬಾರದು, ಪಾತ್ರೆಯನ್ನೇ ಹಿಡಿದು ತಿರುವಬೇಕು. ಬೆನ್ನೆಲುಬಿನಿಂದ ಮಾಂಸ ಬಿಡುತ್ತಿದ್ದರೆ ಬೆಂದಿದೆ. ಒಳಗೆ ಗಾಜಿನಂತೆ ಪಾರದರ್ಶಕ ಉಳಿದಿದ್ದರೆ ಇನ್ನೂ ಬೇಕು. ಹೊಳಿ ಮೀನಿನಲ್ಲಿ ಹುಳದ ಮರಿಗಳು ಇರಬಹುದು, ಅರೆಬೆಂದದ್ದು ತಿನ್ನಬಾರದು. ಇಳಿಸಿ ಅರ್ಧ ಗಂಟೆ ಬಿಟ್ಟರೆ ಹುಳಿ-ಖಾರ ಒಳಗಿಳಿಯುತ್ತದೆ. ಜೋಳದ ರೊಟ್ಟಿ ಬಿಸಿ ಇದ್ದರೂ ಸರಿ, ಕಟಕ ರೊಟ್ಟಿ ಮುರಿದು ನೆನೆಸಿದರೂ ಸರಿ.

ಬಾಲದ ತುಂಡುಗಳನ್ನು ಸಾರಿಗೆ ಹಾಕಬೇಡಿ, ಹುರಿಯಿರಿ. ಎರಡೂ ಬದಿ ಅಡ್ಡಡ್ಡ, ಅಕ್ಕಿಕಾಳಿನ ದಪ್ಪದ ಅಂತರಕ್ಕೊಂದು ಗೀರು, ನಡುವಿನ ಎಲುಬಿನ ತನಕ. ಒಳಗಿನ ಕವಲು ಮುಳ್ಳುಗಳು ತುಂಡಾಗುತ್ತವೆ. ಉಪ್ಪು, ಮಸಾಲಿ ಖಾರ, ಬೆಳ್ಳುಳ್ಳಿ, ಲಿಂಬೆ ಹಚ್ಚಿ, ಜೋಳದ ಹಿಟ್ಟೋ ರವೆಯೋ ಹೊರಳಿಸಿ, ಕಾದ ಎಣ್ಣೆಯಲ್ಲಿ ನಿಧಾನ ಕರಿದರೆ ಮುಳ್ಳೂ ಗರಿಗರಿಯಾಗಿ ಮಾಂಸದ ಜೊತೆಗೇ ಹೋಗುತ್ತದೆ. ಉರಿ ಜೋರಾದರೆ ಮೇಲೆ ಕೆಂಪಾಗಿ ಮುಳ್ಳು ಹಾಗೇ ಉಳಿಯುತ್ತದೆ.

ಬಲೆಗೆ ಸಿಗುವ ಬೆರಳುದ್ದದ ಸಣ್ಣ ಮೀನನ್ನು ಮಾರುವವರು ಕೈಯಾಡಿಸಿ ಒಗೆಯುತ್ತಾರೆ. ಅದು ತಪ್ಪು. ಮುಳ್ಳಿನ ಸಮೇತ ತಿನ್ನುವುದರಿಂದ ಸುಣ್ಣದ ಅಂಶ ಹೆಚ್ಚು ಸಿಗುವುದು ಈ ಮೀನಿನಲ್ಲೇ. ಮಾರಾಟವಾಗದೆ ಉಳಿದರೆ ಅವತ್ತೇ ಹೊಟ್ಟೆ ಒತ್ತಿ ತೆಗೆದು ತೊಳೆದು, ಐದು ಕಿಲೋಗೆ ಒಂದು ಕಿಲೋ ಕಲ್ಲುಪ್ಪು ಬೆರೆಸಿ ಒಂದು ರಾತ್ರಿ ಇಡಿ. ಮರುದಿನ ಉಪ್ಪುನೀರು ಸೋಸಿ, ಹಳೆಯ ಬಲೆಯನ್ನು ನಾಲ್ಕು ಗೂಟಕ್ಕೆ ಸೊಂಟದೆತ್ತರ ಬಿಗಿದು ಅದರ ಮೇಲೆ ಹರಡಿ. ನೆಲದ ಮೇಲೆ ಹರಡಿದರೆ ಮಣ್ಣು ಹತ್ತುತ್ತದೆ, ಅಡಿಯಿಂದ ಗಾಳಿ ಆಡದೆ ನೊಣದ ಮರಿ ಬೀಳುತ್ತದೆ. ಸೊಲ್ಲಾಪುರದ ಬಿಸಿಲಿಗೆ ಮೂರು ದಿನ ಸಾಕು, ಸಂಜೆ ಹೊತ್ತು ಒಳಗೆ ತರಬೇಕು. ಬಾಗಿಸಿದರೆ ಮುರಿಯುವಂತಾದ ಮೇಲೆ ಡಬ್ಬಿಗೆ ತುಂಬಿ. ಬಾಗಿದರೆ ಇನ್ನೂ ಒಂದು ಬಿಸಿಲು ಬೇಕು, ಇಲ್ಲವಾದರೆ ಹದಿನೈದು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಶ್ರಾವಣ ಮುಗಿದು ಮಳೆಗೆ ಹೊಳೆ ತುಂಬಿ ಬಲೆ ಬಿಡಲಾಗದ ವಾರಗಳಲ್ಲಿ ಈ ಒಣಮೀನಿಗೆ ತಾಜಾ ಮೀನಿನ ದರ ಸಿಗುತ್ತದೆ.